ಕಾಯಿ ಕೇಳುವ ಮಾವನ ನಾಲ್ಕು ಪ್ಲಗ್ಗು

ನಮ್ಮ ಮಾವ ಮರುಳಸಿದ್ದಯ್ಯನವರಿಗೆ ಕಿಬ್ಬನಹಳ್ಳಿ ಸುತ್ತಮುತ್ತ ‘ಕಾಯಿ ಕೇಳೋ ಸಿದ್ದಯ್ಯ’ ಅಂತಲೇ ಹೆಸರು. ಈ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗಿ ಉರುಳಾಡಬೇಕು. ತಿಂಗಳು ಮುಂಚೆ ಸುಲಿದರೆ ಹಸಿ, ಬೂಷ್ಟು ಹಿಡಿಯುತ್ತದೆ. ಸುಲಿಯುವುದು ಯಾವಾಗ ಎಂದು ಹೇಳುವವರು ಮಾವ. ಅಟ್ಟ ಹತ್ತಿ, ಮೂಲೆಮೂಲೆಯಿಂದ ಒಂದೊಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕಣ್ಣು ಮುಚ್ಚುತ್ತಾರೆ. ಆಮೇಲೆ ‘ಬಿಟ್ಟೈತೆ, ಸುಲೀರಿ’ ಅನ್ನುತ್ತಾರೆ. ಇಲ್ಲವೇ ‘ಇನ್ನೂ ಬಿಟ್ಟಿಲ್ಲ, ಯುಗಾದಿ ಕಳೀಲಿ’ ಅನ್ನುತ್ತಾರೆ. ನಲವತ್ತು ವರ್ಷದಿಂದ ಆ ಮಾತು ತಪ್ಪಿಲ್ಲವಂತೆ. ಹೀಗಾಗಿ ಬೇರೆ ಯಾವ ವಿಷಯದಲ್ಲೂ ಅವರ ಮಾತು ತಪ್ಪು ಎನ್ನುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಉಳಿದಿಲ್ಲ.

ಅವರ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ನಮ್ಮದು ತೋಟದ ಮನೆ. ಸ್ಕೂಲ್ ವ್ಯಾನು ತೋಟದ ದಾರಿಗೆ ಬರುವುದಿಲ್ಲ. ನಾಲ್ಕೂವರೆ ವರ್ಷದ ನನ್ನ ಮಗಳು ನಿಸರ್ಗಳನ್ನು ತಿಪಟೂರಿನ ಶಾಲೆಗೆ ದಿನಾ ಬಿಟ್ಟು ಬರುತ್ತಿದ್ದವರು ಮಾವನೇ, ಅವರ ಪುಟ್ಟ ಪೆಟ್ರೋಲ್ ಪಿಕಪ್ಪಿನಲ್ಲಿ. ನನ್ನ ಗಂಡ ಬಸವಕುಮಾರ್ ಹುಳಿಯಾರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಏಳು ಗಂಟೆಗೆಲ್ಲ ಬೈಕ್ ಹತ್ತಿ ಹೊರಟುಬಿಡುತ್ತಾರೆ. ಮೊಮ್ಮಗಳನ್ನು ಕಂಡರೆ ಮಾವನಿಗೆ ಜೀವ. ಸೀಟಿನ ಮೇಲೆ ಚಾಪೆ ಮಡಿಸಿ ಹಾಕಿ, ಅವಳು ಜಾರದ ಹಾಗೆ ಬೆಲ್ಟು ಬಿಗಿದು ಕೂರಿಸುತ್ತಾರೆ. ಅದೆಲ್ಲ ನಿಜ. ಆದರೆ ಕಾರ್ತಿಕದಲ್ಲಿ ಒಂದು ಸಂಜೆ ನಿಸರ್ಗ ಶಾಲೆಯಿಂದ ಬಂದವಳೇ, ಶೂ ಬಿಚ್ಚುತ್ತಾ, ‘ಅಮ್ಮ, ಬಸ್ ಅಂಕಲ್ ಅಜ್ಜಂಗೆ ಕೆಟ್ಟ ಮಾತು ಬೈದ್ರು’ ಅಂದಳು.

ಮಾವನನ್ನು ಕೇಳಿದೆ. ‘ಕ್ರಾಸಲ್ಲಿ ಬಸ್ಸೋನು ಮೈಮೇಲೆ ಬಂದ ಕಣಮ್ಮಾ. ಹಾರನ್ನೇ ಹೊಡೀಲಿಲ್ಲ ನನ್ಮಗ.’

‘ಹೊಡದ್ರು. ತುಂಬಾ ಹೊತ್ತು ಹೊಡದ್ರು’ ಅಂದಳು ಮಗಳು, ಸಾಕ್ಸು ಎಳೆಯುತ್ತಾ.

ಕಿಬ್ಬನಹಳ್ಳಿ ಕ್ರಾಸು ಎಂದರೆ ಹೆದ್ದಾರಿ. ನಾಲ್ಕು ಕಡೆಯಿಂದಲೂ ಬಸ್ಸು, ಲಾರಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಮಕ್ಕಳ ಮಾತು ಕಟ್ಕೊಂಡು ತಲೆ ಕೆಡಿಸ್ಕೊಬೇಡ’ ಎಂದರು ಗಂಡ. ಅತ್ತೆ ಗುರುಸಿದ್ದಮ್ಮ ತಲೆ ತಗ್ಗಿಸಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ಕಣ್ಣು ಮಂಜಾಗಿರಬೇಕು ಎಂದು ನಾನೇ ಹಟ ಮಾಡಿ ಮಾವನನ್ನು ತಿಪಟೂರಿಗೆ ಕರೆದೊಯ್ದು ಕಣ್ಣು ಪರೀಕ್ಷೆ ಮಾಡಿಸಿದೆ. ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಓದಿ ಹೇಳಿ, ಡಾಕ್ಟರ ಕಡೆ ನೋಡಿ ನಕ್ಕರು. ದಾರಿಯುದ್ದಕ್ಕೂ ಅದೇ ಮಾತು. ‘ಪಟ್ನದಲ್ಲಿ ಓದಿದೋರಿಗೆ ಎಲ್ಲಾದ್ಕೂ ಟೆಸ್ಟಾಗ್ಬೇಕು. ಉಗುರು ಬೆಳದ್ರೂ ಸ್ಕ್ಯಾನಿಂಗು.’ ಪಟ್ಟಣವೆಂದರೆ ಇಲ್ಲೇ ತುಮಕೂರು. ಅಲ್ಲಿ ಓದಿದ್ದನ್ನು ಈ ಮನೆಯಲ್ಲಿ ಒಂದು ಕಾಯಿಲೆಯ ಹಾಗೆ ನೋಡುತ್ತಾರೆ.

ಅದೇ ಹೊತ್ತಿಗೆ ಗಾಡಿಯೂ ಕೆಟ್ಟಿತ್ತು. ಏರಿನಲ್ಲಿ ಎಳೆಯುತ್ತಿರಲಿಲ್ಲ, ನಿಂತಲ್ಲಿ ಕುಲುಕುತ್ತಿತ್ತು. ಅದರ ತೊದಲು ಸದ್ದು ತೋಟದ ಗೇಟಿನಿಂದಲೇ ನನಗೆ ಕೇಳಿಸುತ್ತಿತ್ತು. ಮಾವನಿಗೆ ಹೇಳಿದರೆ, ‘ರಸ್ತೆ ಸರಿಯಿಲ್ಲ ಬುಡು’ ಎನ್ನುತ್ತಿದ್ದರು. ಕೊನೆಗೆ ಡಿಸೆಂಬರಿನ ಒಂದು ದಿನ ಮಗು ಇರುವಾಗಲೇ ದಾರಿಯಲ್ಲಿ ನಿಂತುಹೋಯಿತು. ಬಿಸಿಲಲ್ಲಿ ಒಂದು ಗಂಟೆ. ಅವಳ ನೀರಿನ ಬಾಟಲಿ ಖಾಲಿ. ಅಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಎಸೆದದ್ದು ನಿಜ. ‘ಗಾಡಿ ಸರಿಯಾಗೋ ತನಕ ನನ್ನ ಮಗು ಹತ್ತಲ್ಲ’ ಎಂದೆ.

ಗಂಡ ತಿಪಟೂರಿನಿಂದ ನಾಲ್ಕು ಹೊಸ ಸ್ಪಾರ್ಕ್ ಪ್ಲಗ್ಗು ತಂದರು. ಮೆಕ್ಯಾನಿಕ್‌ ಹತ್ತಿರ ಬಿಟ್ಟು ಬನ್ನಿ ಎಂದರೆ ಮಾವ ಒಪ್ಪಲಿಲ್ಲ. ‘ಮೋಟ್ರು ಬಿಚ್ಚಿದೀನಿ, ಟಿಲ್ಲರ್ ಬಿಚ್ಚಿದೀನಿ. ನಾಲ್ಕು ಪ್ಲಗ್ಗಿಗೆ ಅವನತ್ರ ಹೋಗಿ ಕೈಕಟ್ಟಿ ನಿಂತ್ಕಬೇಕಾ?’ ಭಾನುವಾರ ಮನೆಯಲ್ಲೇ ಬದಲಾಯಿಸುವುದೆಂದು ತೀರ್ಮಾನವಾಯಿತು. ಭಾನುವಾರ ಬೆಳಗ್ಗೆ ಗಂಡನಿಗೆ ಸಮೀಕ್ಷೆಯ ಕೆಲಸ ಬಂತು, ಹೊರಟುಹೋದರು. ಸಮೀಕ್ಷೆಗಳೆಲ್ಲ ನಮ್ಮ ಮನೆಯಲ್ಲಿ ಕಷ್ಟವಿರುವ ದಿನವೇ ಬರುತ್ತವೆ. ಹೀಗೆ ನಾನು ಸೆರಗು ಸಿಕ್ಕಿಸಿಕೊಂಡು, ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಂಡು, ಮಾವನ ಎದುರು ಹೋಗಿ ನಿಂತೆ.

ಈ ಗಾಡಿಯ ಎಂಜಿನ್ ಇರುವುದು ಸೀಟಿನ ಕೆಳಗೆ. ಸೀಟು ಎತ್ತಿದರೆ ಎಂಜಿನ್ನೇ ಕಾಣಲಿಲ್ಲ; ಐದು ವರ್ಷದ ತೆಂಗಿನ ನಾರು, ಸಿಪ್ಪೆಯ ಪುಡಿ, ಧೂಳು, ನಿಸರ್ಗ ಕಳೆದುಕೊಂಡಿದ್ದ ಒಂದು ಕ್ಲಿಪ್ಪು.

‘ಮೊದ್ಲು ಇದನ್ನೆಲ್ಲ ತೆಗೀಬೇಕು ಮಾವ. ಪ್ಲಗ್ ಬಿಚ್ಚಿದ್ರೆ ನಾರು, ಮಣ್ಣು ಎಲ್ಲ ತೂತಿನೊಳಗೆ ಬೀಳುತ್ತೆ.’

ಅವರು ಸ್ಪ್ಯಾನರ್ ಆಯುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಹೇಳುವುದನ್ನು ಕೇಳಿಸಿಕೊಳ್ಳದ ಹಾಗೆ ಇರುವುದು ಅವರ ಹಳೆಯ ಪದ್ಧತಿ. ಮೂರು ವರ್ಷದಿಂದ ನುಂಗಿಕೊಂಡು ಬಂದಿದ್ದೆ. ಎದುರಿಗೆ ಹೋಗಿ, ವಿಡಿಯೋ ಮುಖಕ್ಕೆ ಹಿಡಿದು, ಇನ್ನೊಮ್ಮೆ ಹೇಳಿದೆ.

‘ನಾರು ಏನ್ಮಾಡ್ತದೆ? ಒಳಗೆ ಬೆಂಕಿ ಐತೆ, ಸುಟ್ಟೋಯ್ತದೆ.’

‘ಮಣ್ಣು ಸುಡುತ್ತಾ?’

ಅತ್ತೆ ಕಡ್ಡಿಪೊರಕೆ ತಂದು ಕೊಟ್ಟರು, ನಾನು ಗುಡಿಸಿದೆ. ಒಳಗಿನ ಸಂದಿಗಳಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಮುಖವೆಲ್ಲ ಧೂಳು. ನಿಸರ್ಗ ಜಗಲಿ ಮೇಲೆ ಕೂತು, ‘ಅಮ್ಮ ಬೆಕ್ಕಿನ ಥರಾ ಕಾಣ್ತಿದಾಳೆ’ ಎಂದು ನಗುತ್ತಿದ್ದಳು.

ಒಂದು ವಿಷಯ ಒಪ್ಪಬೇಕು, ಮಾವನ ಕೈ ಒಳ್ಳೆಯ ಕೈ. ಪ್ರತಿ ಪ್ಲಗ್ಗಿನ ತಲೆ ಮೇಲೂ ಅದಕ್ಕೆ ಕರೆಂಟು ಕೊಡುವ ಒಂದು ಉದ್ದನೆಯ ಕರಿ ಕಾಯಿಲ್ ಕೂತಿರುತ್ತದೆ. ಅದರ ತುದಿಗೆ ವೈರಿನ ಸಾಕೆಟ್ಟು. ಸಾಕೆಟ್ಟು ತೆಗೆದು, ಬೋಲ್ಟು ಬಿಚ್ಚಿ, ಕಾಯಿಲ್ ಎಳೆದು, ಪ್ಲಗ್ಗು ಬಿಚ್ಚುವ ಉದ್ದನೆ ಪಾನ ಇಳಿಸಿ ಹಳೇ ಪ್ಲಗ್ಗನ್ನು ಸುತ್ತಿ ಸುತ್ತಿ ಮೇಲೆ ತಂದರು. ತುದಿ ಕರಿ ಹಿಡಿದು, ಸವೆದು, ಸಂದು ಅಗಲವಾಗಿತ್ತು. ‘ಒಳ್ಳೆ ಮುದುಕನ ಹಲ್ಲಿದ್ದಂಗೈತೆ’ ಎಂದು ಮೊಮ್ಮಗಳಿಗೆ ತೋರಿಸಿದರು.

ಆಮೇಲೆ ಹೊಸ ಪ್ಲಗ್ಗುಗಳನ್ನು ಡಬ್ಬಿಯಿಂದ ತೆಗೆದು, ತಟ್ಟೆಯಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಮೂರು ಬೆರಳಿಂದ ವಿಭೂತಿ ಬಳಿದರು.

ನಾನು ನೋಡುತ್ತಾ ನಿಂತೆ. ತುದಿಗೆ. ಕಿಡಿ ಹಾರುವ ತುದಿಗೆ.

‘ಮಾವ, ಅದು ಬೂದಿ. ಅದಕ್ಕೆ ಹಚ್ಚಬಾರದು.’

‘ಹೊಸಾದಕ್ಕೆ ಇಡದೆ ಹೆಂಗೆ ಹಾಕಾದು?’

‘ಗಾಡಿ ಹಣೆಗೆ ಇಡಿ. ಸ್ಟೀರಿಂಗಿಗೆ ಇಡಿ. ಬೇಕಾದ್ರೆ ನನ್ನ ಹಣೆಗೆ ಇಡಿ.’

ಜಗಲಿಯಿಂದ ಅತ್ತೆ, ‘ಒರೆಸ್ಬುಟ್ಟು ಹಾಕ್ಲಿ ಬುಡ್ರೀ, ಇಟ್ಟಿದ್ದು ಇಟ್ಟಂಗೆ ಆಯ್ತಲ್ಲ’ ಅಂದರು. ನಾನು ಒಂದೊಂದನ್ನೂ ನನ್ನ ಹಳೇ ದುಪಟ್ಟಾದಿಂದ ಒರೆಸಿ ಒರೆಸಿ ಕೊಟ್ಟೆ. ಅಷ್ಟರಲ್ಲಿ ಎರಡನೆಯದಕ್ಕೆ ಅವರು ಚಳಿಗೆ ಹೆಪ್ಪುಗಟ್ಟಿದ್ದ ಕೊಬ್ಬರಿ ಎಣ್ಣೆ ಬಳಿಯುತ್ತಿದ್ದರು. ಈ ಮನೆಯಲ್ಲಿ ಬಾಗಿಲ ಕೀಲಿಗೆ, ಮಗುವಿನ ಹೊಕ್ಕುಳಿಗೆ, ಹೊಲಿಗೆ ಮಿಷನ್ನಿಗೆ, ಸುಟ್ಟ ಗಾಯಕ್ಕೆ ಎಲ್ಲಕ್ಕೂ ಅದೇ ಎಣ್ಣೆ. ಅದನ್ನೂ ಒರೆಸಿದೆ. ಮಾವ ನನ್ನನ್ನು ನೋಡಿದ ನೋಟದಲ್ಲಿ, ಇವಳನ್ನು ತಂದದ್ದು ಯಾರು ಎಂಬ ಪ್ರಶ್ನೆ ಇತ್ತು.

ಬಿಗಿಯುವಾಗ ಮತ್ತೆ ಜಗಳ. ನೆಲಕ್ಕೆ ನೆಟ್ಟ ಹಾರೆಯ ಮೇಲೆ ದಿನಕ್ಕೆ ಸಾವಿರ ಕಾಯಿ ಸುಲಿದ ಮುಂಗೈ ಅದು. ಒಂದು ತಿರುವು ತಿರುವಿದರೆ ಸಿಪ್ಪೆ ಸೀಳಬೇಕು. ‘ಕೈಯಲ್ಲಿ ಹತ್ತುವಷ್ಟು ಹತ್ತಿಸಿ, ಆಮೇಲೆ ಪಾನದಲ್ಲಿ ಅರ್ಧ ಸುತ್ತು, ಅಷ್ಟೇ’ ಎಂದು ನಾನು ಪ್ರತಿ ಸಲವೂ ಎದುರಿಗೆ ಬಂದು ಕೈಸನ್ನೆ ಮಾಡಿ ಹೇಳಿದೆ. ಯಾಕೆ ಎದುರಿಗೇ ಬಂದು ಹೇಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಹಿಂದಿನಿಂದ ಹೇಳಿದ್ದು ಅವರಿಗೆ ತಲುಪುವುದಿಲ್ಲ ಎನ್ನುವುದು ಮೈಗೆ ರೂಢಿಯಾಗಿತ್ತು, ತಲೆಗೆ ಹತ್ತಿರಲಿಲ್ಲ.

ನಾಲ್ಕೂ ಕೂತವು. ಕಾಯಿಲ್ಲುಗಳನ್ನು ಇಳಿಸಿ, ಸಾಕೆಟ್ಟುಗಳನ್ನು ಒತ್ತಿದರು. ಮಾವ ಹೊರಗೆ ನಿಂತೇ ಕೈ ಚಾಚಿ ಕೀಲಿ ತಿರುವಿದರು.

ಗಾಡಿ ಶುರುವಾಯಿತು. ಶುರುವಾದದ್ದೇ ಮೊದಲಿಗಿಂತ ಕೆಟ್ಟದಾಗಿ ಒದರತೊಡಗಿತು. ಮೂರು ಹೆಜ್ಜೆ ಇಟ್ಟು ನಾಲ್ಕನೆಯದಕ್ಕೆ ಎಡವುವ ಕುಂಟನ ಹಾಗೆ. ಕನ್ನಡಿ ಅಲುಗುತ್ತಿತ್ತು. ನಿಸರ್ಗ ಎರಡು ಕಿವಿಯನ್ನೂ ಮುಚ್ಚಿಕೊಂಡು, ‘ಅಜ್ಜ, ಗಾಡಿ ಕೆಮ್ತಿದೆ’ ಎಂದಳು.

ಮಾವ ಕೈ ಒರೆಸಿಕೊಳ್ಳುತ್ತಾ ನಗುತ್ತಿದ್ದರು. ‘ನೋಡ್ದಾ? ಹೂವಿನಂಗೆ ಓಡ್ತಾ ಐತೆ. ಯಾವ ಮೆಕ್ಯಾನಿಕ್ಕು ಬೇಕು?’

ನನಗೆ ಮೊದಲು ಬಂದದ್ದು ಸಿಟ್ಟೇ. ಬೂದಿ ಉಳಿದಿರಬೇಕು, ಎಣ್ಣೆ ಉಳಿದಿರಬೇಕು, ಹಟಮಾರಿ ಮುದುಕ ತಪ್ಪು ಒಪ್ಪಿಕೊಳ್ಳಲಾರದೆ ನಾಟಕ ಆಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಅವರ ಕಣ್ಣು ನೋಡಿದೆ. ಅವು ಗಾಡಿಯನ್ನು ನೋಡುತ್ತಿರಲಿಲ್ಲ. ನನ್ನ ಬಾಯಿ ನೋಡುತ್ತಿದ್ದವು. ಆಮೇಲೆ ಮಗುವಿನ ಬಾಯಿ, ಆಮೇಲೆ ಅತ್ತೆಯ ಮುಖ. ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ಇಣುಕುವ ಮಕ್ಕಳ ಹಾಗೆ.

ನಾನು ಕೀಲಿ ಆರಿಸಿದೆ. ಅಂಗಳ ನಿಶ್ಶಬ್ದವಾಯಿತು. ಅವರು ಸ್ಪ್ಯಾನರ್ ಎತ್ತಿಡಲು ಆ ಕಡೆ ತಿರುಗಿದರು. ಅವರ ಬೆನ್ನಿಗೆ ಮೂರು ಅಡಿ ದೂರದಲ್ಲಿ ನಿಂತು, ಮಾಮೂಲಿ ದನಿಯಲ್ಲಿ ಹೇಳಿದೆ.

‘ಮಾವ, ಪೆಟ್ರೋಲ್ ಸೋರ್ತಿದೆ. ಬೆಂಕಿ ಹತ್ಕೊಂಡಿದೆ.’

ಅವರು ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ಜೋಡಿಸುತ್ತಿದ್ದರು. ಹತ್ತು, ಹನ್ನೆರಡು, ಹದಿನಾಲ್ಕು.

ನಿಸರ್ಗ ಎದ್ದು ನಿಂತಳು. ಅತ್ತೆ ಅವಳ ಭುಜ ಹಿಡಿದು ಕೂರಿಸಿದರು. ಬೆಂಕಿ ಎಂದರೂ ಅತ್ತೆ ಬೆಚ್ಚಲಿಲ್ಲ, ಗಾಡಿಯ ಕಡೆ ನೋಡಲೂ ಇಲ್ಲ. ನೆಲ ನೋಡುತ್ತಿದ್ದರು. ಆಗ ನನಗೆ ಎಲ್ಲಾ ಗೊತ್ತಾಯಿತು.

‘ಎಷ್ಟು ದಿನ ಆಯ್ತು ಅತ್ತೆ?’

‘ಏನು?’

‘ಕಿವಿ ಹೋಗಿ.’

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ‘ಎಡಗಿವಿ ಮೂರು ವರ್ಸ ಆಗಿರ್ಬೇಕು. ಬಲಗಿವಿ ಈಚೀಚೆಗೆ. ಪೂರ್ತಿ ಇಲ್ಲ ಕಣವ್ವ, ಸ್ವಲ್ಪ ಕೇಳ್ತದೆ.’

‘ಇವರಿಗೆ ಗೊತ್ತಾ? ನಿಮ್ಮ ಮಗನಿಗೆ?’

ಅತ್ತೆ ನಿಸರ್ಗಳ ಕೂದಲು ಸರಿಮಾಡತೊಡಗಿದರು. ಅದೇ ಉತ್ತರ. ವಿಜ್ಞಾನದ ಮೇಷ್ಟ್ರು. ಊರ ಮಕ್ಕಳಿಗೆಲ್ಲ ಶಬ್ದದ ಅಲೆ, ಕಿವಿಯ ತಮಟೆ ಪಾಠ ಮಾಡುವ ಮೇಷ್ಟ್ರು. ನಾನು ಕಣ್ಣು ಪರೀಕ್ಷೆಗೆ ಕರೆದೊಯ್ಯುವಾಗ ‘ಮಾಡಿಸ್ಕೊಂಡು ಬಾ, ಒಳ್ಳೇದೇ’ ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟಿದ್ದರು.

‘ಗೊತ್ತಿದ್ದೂ ನನ್ನ ಮಗೂನ ಕಳಿಸ್ತಿದ್ರಿ. ಹೈವೇ ದಾಟಿಸ್ತಿದ್ರಿ.’

‘ಹೇಳಿದ್ರೆ ಯಾರು ಅಟ್ಟಕ್ಕೆ ಕರೀತಾರವ್ವ ಅವರನ್ನ? ಹೋದ ತಿಂಗಳು ವೆಂಕಟಯ್ಯ ಬಂದು ಕಾಯಿ ಕೇಳಾಕೆ ಕರ್ಕೊಂಡು ಹೋಗಲಿಲ್ವಾ? ಬೋರಮ್ಮನ ಅಟ್ಟ ಬಾಕಿ ಐತೆ. ಕಾಯಿ ಕೇಳೋರಿಗೆ ಕಿವಿ ಕೇಳಾಕಿಲ್ಲ ಅಂದ್ರೆ ನಗಾಡಾಕಿಲ್ವಾ ಊರು?’

‘ಊರು ನಗಾಡಬಾರದು ಅಂತ ನಿಸರ್ಗ ಬಸ್ಸಿನ ಕೆಳಗೆ ಹೋಗ್ಬೇಕಾ?’

ಅಂಥ ಮಾತು ಮಗುವಿನ ಎದುರು ಆಡಬಾರದಿತ್ತು. ಆಡಿದೆ. ನಿಸರ್ಗ ಅಳಲು ಶುರು ಮಾಡಿದಳು, ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಮಾವ ತಿರುಗಿ ನಿಂತು ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದರು. ಎಷ್ಟು ಅರ್ಥವಾಯಿತೋ. ಅವರ ಕೈಯಲ್ಲಿದ್ದ ಹದಿನಾಲ್ಕರ ಸ್ಪ್ಯಾನರ್ ಮಾತ್ರ ನಿಧಾನವಾಗಿ ಕೆಳಗಿಳಿಯಿತು.

‘ವೆಂಕಟಯ್ಯನವರ ಕಾಯಿ ಹೇಗೆ ಹೇಳಿದ್ರು ಹಾಗಾದ್ರೆ? ಸುಳ್ಳಾ?’

‘ಸುಳ್ಳಲ್ಲ’ ಎಂದರು ಅತ್ತೆ. ಈಗ ಅವರ ದನಿಯಲ್ಲೂ ಬಿಸಿ ಇತ್ತು. ‘ಸುಲಿದ್ಮೇಲೆ ಒಂದೂ ಹಸಿ ಇರಲಿಲ್ಲ, ಹೋಗಿ ಕೇಳು. ಅಂಗೈಗೆ ಗೊತ್ತಾಯ್ತದಂತೆ. ಉಂಡೆ ಒಳಗೆ ತಿರುಗಿದ್ರೆ ಕೈಗೆ ತಾಕ್ತದಂತೆ. ಕಿವಿ ಹತ್ರ ಹಿಡಿಯಾದು ಜನಕ್ಕೆ.’

ಸೊಸೆ ಮಾವನ ಕೈ ಹಿಡಿಯುವ ಪದ್ಧತಿ ಈ ಕಡೆ ಇಲ್ಲ. ನಾನು ಕೀಲಿ ತಿರುವಿ ಗಾಡಿ ಶುರು ಮಾಡಿದೆ, ಅವರ ಮಣಿಕಟ್ಟು ಹಿಡಿದು ಎಳೆದು ತಂದು ಅಂಗೈಯನ್ನು ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಒತ್ತಿದೆ. ಅದಿನ್ನೂ ಬಿಸಿಯಾಗಿರಲಿಲ್ಲ. ‘ನೋಡಿ. ಹೂವಿನ ಹಾಗೆ ಓಡ್ತಿದೆಯಾ, ನೀವೇ ನೋಡಿ’ ಎಂದೆ, ಅವರ ಮುಖಕ್ಕೆ ಮುಖ ಕೊಟ್ಟು.

ಅವರು ಕೈ ಕಿತ್ತುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ಅಟ್ಟದ ಮೇಲೆ ಮುಚ್ಚುವ ಹಾಗೆ ಕಣ್ಣು ಮುಚ್ಚಿದರು. ಬೆರಳು ಅಗಲಿಸಿ, ಅಂಗೈಯನ್ನು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಸರಿಸಿದರು. ಅವರ ಗಲ್ಲದ ಬಿಳಿ ಕುರುಚಲು ಎಂಜಿನ್ನಿನ ಜೊತೆ ನಡುಗುತ್ತಿತ್ತು.

‘ನಾಲ್ಕರಲ್ಲಿ ಒಂದು ಬರ್ತಾ ಇಲ್ಲ’ ಎಂದರು.

ಅವರೇ ಕೀಲಿ ಆರಿಸಿದರು. ನಾಲ್ಕು ಸಾಕೆಟ್ಟುಗಳನ್ನೂ ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿದರು. ಮೊದಲನೆಯದು ಅಲುಗಲಿಲ್ಲ, ಎರಡನೆಯದೂ. ಮೂರನೆಯದು ಸುಮ್ಮನೆ ಕೈಗೆ ಬಂತು. ಬೂದಿಯೂ ಅಲ್ಲ, ಎಣ್ಣೆಯೂ ಅಲ್ಲ. ಸಾಕೆಟ್ಟು ಪೂರ್ತಿ ಕೂತಾಗ ಒಂದು ಸಣ್ಣ ‘ಟಕ್’ ಎನ್ನುತ್ತದೆ. ಆ ಟಕ್ ಬರುವ ಮುಂಚೆಯೇ ಅವರು ಕೈ ತೆಗೆದಿದ್ದರು. ಪಕ್ಕದಲ್ಲೇ ನಿಂತಿದ್ದ ನಾನು ಬೈಯುವುದರಲ್ಲಿ ಮಗ್ನಳಾಗಿ ಅದನ್ನು ಗಮನಿಸಿರಲಿಲ್ಲ.

ಅವರು ಆ ಸಾಕೆಟ್ಟನ್ನು ಒತ್ತಲಿಲ್ಲ. ವೈರು ಹಿಡಿದು ನನ್ನ ಕಡೆ ಚಾಚಿದರು.

‘ನೀನೇ ಹಾಕವ್ವ. ಕೂತಿದ್ದು ನಿಂಗೆ ಕೇಳ್ತದೆ.’

ಹಾಕಿದೆ. ಟಕ್ ಎಂದಿತು. ಗಾಡಿ ಶುರುವಾದಾಗ ಅಂಗಳದಲ್ಲಿ ಸದ್ದೇ ಇಲ್ಲವೇನೋ ಎನ್ನುವ ಹಾಗಿತ್ತು. ಮಾವ ಮತ್ತೆ ಅಂಗೈ ಇಟ್ಟು ನೋಡಿ, ತಲೆದೂಗಿ, ಕೈಕಾಲು ತೊಳೆಯಲು ಹೋದರು. ಆ ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ತೊಟ್ಟಿಯ ಹತ್ತಿರ ಬಹಳ ಹೊತ್ತು ಕೂತಿದ್ದರು.

ಆ ಸಂಜೆ ಗಂಡ ಬಂದ ಮೇಲೆ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ‘ಅಪ್ಪಂಗೆ ಬೇಜಾರಾಗುತ್ತೆ ಅಂತ’ ಎಂದರು. ನಾನು, ನಿಮಗೆ ಆಗೋ ಬೇಜಾರು ಯಾವುದಕ್ಕೆ ಅಂತ ಒಂದು ಪಟ್ಟಿ ಮಾಡಿ ಕೊಡಿ, ಅದರಲ್ಲಿ ಮಗಳ ಹೆಸರು ಎಷ್ಟನೆಯದು ನೋಡ್ತೀನಿ ಎಂದೆ. ಹದಿನೈದು ದಿನವಾದರೂ ಅವರ ಜೊತೆ ನಾನು ಸರಿಯಾಗಿ ಮಾತಾಡಿಲ್ಲ.

ಮಾವನಿಗೆ ಹೇಳಿದ್ದು ಒಂದೇ ಮಾತು, ಎದುರಿಗೆ ಕೂತು, ನಿಧಾನವಾಗಿ. ಕಿವಿ ತೋರಿಸದೆ, ಡಾಕ್ಟರು ಹೂಂ ಅನ್ನದೆ, ನನ್ನ ಮಗು ನೀವು ಓಡಿಸೋ ಗಾಡಿ ಹತ್ತಲ್ಲ.

‘ಮಿಷನ್ ಸಿಗಿಸ್ಕೊಂಡು ಅಟ್ಟ ಹತ್ತಲ್ಲ ನಾನು’ ಎಂದರು.

‘ಅಟ್ಟಕ್ಕೆ ನಿಮ್ಮ ಕೈ ಸಾಕು. ರಸ್ತೆಗೆ ಸಾಲದು.’

ಮಾವ ಎದ್ದು ಹೋದರು. ಮಾರನೆಯ ಬೆಳಗ್ಗೆ ನಿಸರ್ಗಳ ಬ್ಯಾಗು ಹಿಡಿದು ನಾನು ಕ್ರಾಸಿನ ತನಕ ನಡೆಸಿಕೊಂಡೇ ಹೋಗುವುದೆಂದು ಹೊರಟರೆ, ಗಾಡಿ ಅಂಗಳದಲ್ಲಿ ಗೇಟಿನ ಕಡೆ ಮುಖ ಮಾಡಿ ನಿಂತಿತ್ತು. ಮಾವ ಎಡಗಡೆ ಸೀಟಿನಲ್ಲಿ ಕೂತಿದ್ದರು. ಮಧ್ಯೆ ಮಗುವಿನ ಚಾಪೆ ಹಾಸಿ ಆಗಿತ್ತು. ಕೀಲಿ ಸ್ಟೀರಿಂಗಿನ ಪಕ್ಕ ತೂಗುತ್ತಿತ್ತು.

‘ಲೈಸೆನ್ಸ್ ಐತಲ್ಲ ನಿಂತಾವ. ತುಮಕೂರಲ್ಲಿ ಕಲ್ತಿದ್ದೆ ಅಂತಿದ್ದೆ. ಸುಳ್ಳಾ ಅದು?’

ಲೈಸೆನ್ಸ್ ಪರ್ಸಿನಲ್ಲಿತ್ತು. ಆರು ವರ್ಷದಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟೆ. ಅವಳನ್ನು ಕೂರಿಸಿಕೊಂಡು ಕಲಿಯುವ ಧೈರ್ಯ ನನಗಿಲ್ಲ. ಮೂರು ದಿನ ತೋಟದ ದಾರಿಯಲ್ಲೇ ಹೋಗಿ ಬಂದೆವು, ಮಾವನೂ ನಾನೂ. ನಿಸರ್ಗ ಶಾಲೆ ತಪ್ಪಿಸಿಕೊಂಡು ಜಗಲಿಯಿಂದ ಕೈ ಬೀಸುತ್ತಿದ್ದಳು. ಮಾವ ತಮ್ಮ ಸೀಟಿನ ಪಕ್ಕ, ಎಂಜಿನ್ನಿನ ನೆತ್ತಿಯ ಮೇಲೆ, ಅಂಗೈ ಊರಿ ಕೂರುತ್ತಿದ್ದರು. ‘ಈಗ ಎರಡನೇದಕ್ಕೆ ಹಾಕು.’ ‘ಹಿಂಡಬೇಡ, ಏದುಸಿರು ಬಿಡ್ತಾ ಐತೆ.’ ‘ಮೂರು.’ ಒಂದು ಸಲವೂ ತಪ್ಪು ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಗೊತ್ತಿರುವ ಮನುಷ್ಯ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು.

ನಾಲ್ಕನೆಯ ದಿನ ನಿಸರ್ಗಳನ್ನು ಮಧ್ಯೆ ಕೂರಿಸಿಕೊಂಡು ಹೊರಟೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿದೆ. ಬಲಗಡೆ ಎಲ್ಲೋ ಹಾರನ್ ಕೇಳಿಸಿತು, ಬಸ್ಸು ಇನ್ನೂ ಕಾಣುತ್ತಿರಲಿಲ್ಲ. ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಮಾವ ರಸ್ತೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

‘ಬರ್ತಾ ಐತಾ?’

‘ಬರ್ತಿದೆ’ ಎಂದೆ, ಅವರ ಕಡೆ ತಿರುಗಿ.

ಬಸ್ಸು ಹೋಯಿತು. ಅದರ ಹಿಂದೆ ಸಿಪ್ಪೆ ತುಂಬಿದ ಒಂದು ಲಾರಿ ಹೋಯಿತು. ‘ಆ ಕಿವಿ ಡಾಕ್ಟ್ರು ಯಾವತ್ತು ಇರ್ತಾರಂತೆ?’ ಎಂದರು ಮಾವ, ಈಗ ಮುಂದೆ ನೋಡುತ್ತಾ.

‘ಗುರುವಾರ.’

ಮುಂದೆ ನೋಡುತ್ತಿದ್ದರಲ್ಲ, ಅದು ಅವರಿಗೆ ತಲುಪಲಿಲ್ಲ. ನಿಸರ್ಗ ಅವರ ತೊಡೆ ತಟ್ಟಿ, ಅವರು ತಿರುಗಿದ ಮೇಲೆ, ಬಾಯಿ ದೊಡ್ಡದಾಗಿ ತೆರೆದು ‘ಗು-ರು-ವಾ-ರ’ ಎಂದಳು. ನಾನು ಒಂದನೇ ಗೇರಿಗೆ ಹಾಕಿದೆ.